ಕಪ್ಪೆ ಮಾಡಿದ ತಪ್ಪೇನು?

ಕಳೆದ ಸೋಮವಾರ ಬ್ಯಾಂಕಿನ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ಎಪ್ಪತ್ತು ದಾಟಿದ ಜೀವ. ಕೈಯಲ್ಲಿ ಪಾಸ್‌ಬುಕ್ಕು, ಅದಕ್ಕೊಂದು ಪ್ಲಾಸ್ಟಿಕ್ ಕವರು, ಕವರಿಗೆ ಎರಡು ಸುತ್ತು ರಬ್ಬರ್ ಬ್ಯಾಂಡು. ಗೃಹಲಕ್ಷ್ಮಿ ಹಣ ಬಂದಿದೆ, 2,000 ರೂಪಾಯಿ ತೆಗೆಯಬೇಕು. ಮೇಜಿನ ಮೇಲಿದ್ದ ಚೀಟಿಯಲ್ಲಿ ಇಂಗ್ಲಿಷ್ ಇತ್ತು, ಹಿಂದಿ ಇತ್ತು, ಕನ್ನಡ ಇರಲಿಲ್ಲ. ಅಜ್ಜಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೌಂಟರಿನ ಹುಡುಗನಿಗೆ ಹೇಳಿದರು: "ಕನ್ನಡದ್ದು ಒಂದು ಕೊಡಪ್ಪ, ನಾನೇ ಬರ್ಕೊಂತೀನಿ."

ಹುಡುಗನಿಗೆ ಕನ್ನಡ ಬಾರದು. ತಲೆಯಾಡಿಸಿದ. ಅಜ್ಜಿ ಮತ್ತೆ ಕೇಳಿದರು. ಸಾಲು ನಿಂತಿತು. ಆಗ ನನ್ನ ಬೆನ್ನ ಹಿಂದಿದ್ದ ಗೃಹಸ್ಥರೊಬ್ಬರು, ಐವತ್ತರ ಆಸುಪಾಸು, ಮಾತು ಅಚ್ಚ ಹಳೇ ಮೈಸೂರು ಕಡೆಯದು, ಎಲ್ಲರಿಗೂ ಕೇಳಿಸುವಂತೆ ಅಂದರು: "ಇಂಥ ಕೂಪಮಂಡೂಕರಿಂದಲೇ ಈ ಊರು ಉದ್ಧಾರ ಆಗ್ತಿಲ್ಲ. ಪ್ರಪಂಚ ಎಲ್ಲಿಗೋ ಹೋಯ್ತು, ಇವರಿನ್ನೂ ಅದೇ ಬಾವೀಲಿದಾರೆ."

ಅಜ್ಜಿ ತಿರುಗಿ ನೋಡಿದರು. ಮುಖದಲ್ಲಿ ಕೋಪವಿರಲಿಲ್ಲ. "ಏನಪ್ಪಾ ಹಂಗಂದ್ರೆ?" ಎಂದರು. ನಿಜವಾಗಿ ಕೇಳಿದರು. ಆ ಪದ ಅವರ ಕಿವಿಗೆ ಹೊಸದು. ಆ ಮನುಷ್ಯ ಉತ್ತರ ಕೊಡಲಿಲ್ಲ, ಮೊಬೈಲು ತೆಗೆದು ನೋಡುತ್ತ ನಿಂತರು. ನಾನೂ ಆ ಹೊತ್ತಿಗೆ ಬಾಯಿ ಬಿಡಲಿಲ್ಲ. ಒಂದು ಪದವನ್ನು, ಅದರ ಅರ್ಥ ಗೊತ್ತಿಲ್ಲದ ಹಿರಿಯ ಜೀವದ ಮೇಲೆ ಎಸೆದು ಸುಮ್ಮನಾಗುವುದನ್ನು ಕಣ್ಣಾರೆ ಕಂಡೂ ಸುಮ್ಮನಿದ್ದೆನಲ್ಲ ಎಂಬ ಸಂಕಟ ವಾರವಿಡೀ ಬಿಟ್ಟಿಲ್ಲ. ಅವರ ಪ್ರಶ್ನೆಗೆ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಕೂಪ ಅಂದರೆ ಬಾವಿ, ಮಂಡೂಕ ಅಂದರೆ ಕಪ್ಪೆ. ಬಾವಿಯ ಕಪ್ಪೆ, ಅಷ್ಟೆ. ಬಹಳ ಹಳೆಯ ಪದ. ಪಾಣಿನಿಯ ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದಲ್ಲಿ ನಿಂದೆಯ ಅರ್ಥ ಕೊಡುವ ಸಮಾಸಗಳಿಗೆಂದೇ ಸೂತ್ರಗಳಿವೆ. ಅವುಗಳಿಗೆ ಸೇರಿದ ಗಣಪಾಠದ ಪಟ್ಟಿಯಲ್ಲಿ ನಮ್ಮ ಕಪ್ಪೆ ಕೂತಿದೆ. ಒಂಟಿಯಾಗಿ ಅಲ್ಲ. ಪಕ್ಕದಲ್ಲೇ ಕೂಪಕಚ್ಛಪ, ಅಂದರೆ ಬಾವಿಯ ಆಮೆ. ಉದುಂಬರಮಶಕ, ಅತ್ತಿಹಣ್ಣಿನೊಳಗಿನ ಸೊಳ್ಳೆ. ಗೇಹೇಶೂರ, ಮನೆಯೊಳಗೆ ಮಾತ್ರ ಶೂರನಾದವನು. ಪಾತ್ರೇಸಮಿತ, ತಟ್ಟೆ ಹಾಕುವ ಹೊತ್ತಿಗೆ ಮಾತ್ರ ಹಾಜರಾಗುವವನು. ಗೇಹೇಶೂರನನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಉತ್ತರನ ಪೌರುಷ ಒಲೆ ಮುಂದೆ ಎಂದು ನಾವು ದಿನನಿತ್ಯ ಆಡುವ ಮಾತಿನಲ್ಲೇ ಅವನಿದ್ದಾನೆ. ವ್ಯಾಕರಣ ಕಲಿಸುವವರು ಬೈಗುಳಗಳನ್ನು ಇಷ್ಟು ಮುತುವರ್ಜಿಯಿಂದ ಕೂಡಿಟ್ಟಿದ್ದಾರೆ ಎಂದರೆ ಆ ಕಾಲದ ಜನರ ಬಾಯಲ್ಲೂ ಇವು ಓಡಾಡುತ್ತಿದ್ದವು ಅನ್ನಿಸುತ್ತದೆ.

ಹಾಗೆಂದು ಕಪ್ಪೆಗೆ ನಮ್ಮಲ್ಲಿ ಬರೀ ಅವಮಾನವೇ ಸಿಕ್ಕಿತೆಂದಲ್ಲ. ಋಗ್ವೇದದ ಏಳನೆಯ ಮಂಡಲದಲ್ಲಿ ಕಪ್ಪೆಗಳಿಗೇ ಮೀಸಲಾದ ಸೂಕ್ತವಿದೆ. ಮೊದಲ ಮಳೆಗೆ ವಟಗುಟ್ಟುವ ಅವುಗಳ ದನಿಯನ್ನು ವೇದ ಹೇಳುವವರ ದನಿಗೆ ಹೋಲಿಸಲಾಗಿದೆ. ಬರೀ ಹನ್ನೆರಡು ಮಂತ್ರಗಳ ಮಾಂಡೂಕ್ಯ ಉಪನಿಷತ್ತಿನ ಹೆಸರಿನಲ್ಲೂ ಅದೇ ಮಂಡೂಕ. ಮಳೆ ಕೈಕೊಟ್ಟಾಗ ನಮ್ಮ ಊರುಗಳಲ್ಲಿ ಇವತ್ತಿಗೂ ಕಪ್ಪೆಗೆ ಅರಿಸಿನ ಹಚ್ಚಿ ಮದುವೆ ಮಾಡುತ್ತಾರೆ. ಕನ್ನಡದ ಮೊದಲ ತ್ರಿಪದಿ ಕೆತ್ತಿರುವುದು ಬಾದಾಮಿಯ ಬಂಡೆಯ ಮೇಲೆ, ಸುಮಾರು 700ನೆಯ ಇಸವಿಯಲ್ಲಿ. ಅದು ಹೊಗಳುವ ವೀರನ ಹೆಸರು ಕಪ್ಪೆ ಅರಭಟ್ಟ. ಇಷ್ಟು ಮರ್ಯಾದೆಯ ಪ್ರಾಣಿ ಬಾವಿಗೆ ಇಳಿದ ಕೂಡಲೇ ಬೈಗುಳವಾಯಿತು. ಅಲ್ಲಿ ಅದು ಮಾಡಿದ್ದೇನು?

ಅದಕ್ಕೆ ಕಥೆ ಪೂರ್ತಿ ಕೇಳಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಕಥೆಯ ಅರ್ಧ ಮಾತ್ರ ನೆನಪಿರುತ್ತದೆ: ಬಾವಿಯೊಂದರಲ್ಲಿ ಕಪ್ಪೆ ಇತ್ತು, ಅದೇ ಜಗತ್ತು ಅಂದುಕೊಂಡಿತ್ತು, ಮುಗಿಯಿತು. ಕಥೆ ಅಲ್ಲಿ ಮುಗಿಯುವುದಿಲ್ಲ. 1893ರ ಸೆಪ್ಟೆಂಬರ್ 15ರಂದು ಚಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಅದನ್ನು ಹೇಳಿದರು. ಜಗತ್ತನ್ನು ಬೆರಗುಗೊಳಿಸಿದ ಮೊದಲ ಭಾಷಣ ಆಗಿ ನಾಲ್ಕು ದಿನವಾಗಿತ್ತು. ಹಿಂದಿನ ವರ್ಷ, 1892ರಲ್ಲಿ, ಅವರು ಬೆಳಗಾವಿಯಲ್ಲಿದ್ದರು, ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ನಮ್ಮ ನೆಲದಲ್ಲಿ ನಡೆದಾಡಿ ಹೋದವರು. ಧರ್ಮಧರ್ಮಗಳ ನಡುವೆ ಜಗಳ ಯಾಕೆ ಎಂದು ಹೇಳಲು ಅವರು ಆರಿಸಿಕೊಂಡದ್ದು ಈ ಕಥೆಯನ್ನು.

ಸಮುದ್ರದ ಕಪ್ಪೆಯೊಂದು ಹೇಗೋ ಬಂದು ಬಾವಿಗೆ ಬೀಳುತ್ತದೆ. ಎಲ್ಲಿಂದ ಬಂದೆ? ಸಮುದ್ರದಿಂದ. ಎಷ್ಟು ದೊಡ್ಡದು ನಿನ್ನ ಸಮುದ್ರ, ನನ್ನ ಬಾವಿಯಷ್ಟಿದೆಯಾ? ಬಾವಿಯ ಕಪ್ಪೆ ಈ ದಡದಿಂದ ಆ ದಡಕ್ಕೆ ಒಂದು ಹಾರು ಹಾರಿ ತೋರಿಸುತ್ತದೆ. ಬಂದದ್ದು ಹೇಳುತ್ತದೆ: ಸಮುದ್ರಕ್ಕೂ ಬಾವಿಗೂ ಎಲ್ಲಿಯ ಹೋಲಿಕೆ? ಆಗ ಒಳಗಿನ ಕಪ್ಪೆಗೆ ಸಿಟ್ಟು ಬರುತ್ತದೆ. ನನ್ನ ಬಾವಿಗಿಂತ ದೊಡ್ಡದು ಇರಲು ಸಾಧ್ಯವೇ ಇಲ್ಲ, ಇವನು ಸುಳ್ಳುಗಾರ, ಇವನನ್ನು ಆಚೆ ಹಾಕಿ ಅನ್ನುತ್ತದೆ.

ಕಥೆಯ ಮೊದಲರ್ಧದಲ್ಲಿ ಕಪ್ಪೆಯ ಮೇಲೆ ದೂರು ಹೊರಿಸುವಂಥದ್ದು ಏನೂ ಇಲ್ಲ. ಬಾವಿಯಲ್ಲಿ ಹುಟ್ಟಿದ್ದು ಅದರ ತಪ್ಪಲ್ಲ. ಎಷ್ಟು ದೊಡ್ಡದು ಎಂದು ಕೇಳಿದ್ದು ತಪ್ಪಲ್ಲ, ಅದು ಒಳ್ಳೆಯ ಪ್ರಶ್ನೆ. ತನಗೆ ಗೊತ್ತಿರುವ ಅಳತೆಯಿಂದಲೇ ಅಳೆಯಲು ಹೋದದ್ದೂ ತಪ್ಪಲ್ಲ. ಮೊಳದಲ್ಲಿ ಅಳೆದು ಬೆಳೆದವರು ಮೊಳದಲ್ಲೇ ಅಳೆಯುತ್ತಾರೆ. ತಪ್ಪು ಶುರುವಾದದ್ದು ಬಂದವನನ್ನು ಸುಳ್ಳುಗಾರ ಅಂದ ಗಳಿಗೆಯಲ್ಲಿ. ಅಲ್ಲಿಂದ ಮುಂದೆ ಅದು ಬಾವಿಯ ಕಪ್ಪೆಯಲ್ಲ, ಕೂಪಮಂಡೂಕ.

ವಿವೇಕಾನಂದರು ಕಥೆ ಹೇಳಿ ಮುಗಿಸಿದ ಮೇಲೆ ಮೊದಲು ಬೆರಳು ಮಾಡಿದ್ದು ತಮ್ಮ ಕಡೆಗೆ. ಹಿಂದೂವಾದ ನಾನು ನನ್ನ ಬಾವಿಯಲ್ಲಿ ಕೂತಿದ್ದೇನೆ ಎಂಬರ್ಥದ ಮಾತು ಮೊದಲು ಬಂತು. ಕ್ರೈಸ್ತರ, ಮುಸ್ಲಿಮರ ಬಾವಿಗಳು ಆಮೇಲೆ ಬಂದವು. ಈ ಪದವನ್ನು ಬಳಸುವ ಕ್ರಮ ಇದು ಎಂದು ನಾನು ನಂಬಿದ್ದೇನೆ. ಬ್ಯಾಂಕಿನ ಸಾಲಿನಲ್ಲಿ ನಾನು ಕೇಳಿದ್ದು ಈ ಕ್ರಮಕ್ಕೆ ಪೂರಾ ಉಲ್ಟಾ.

ಚೀನಾದಲ್ಲೂ ಬಾವಿಯ ಕಪ್ಪೆ ಇದೆ, ಎರಡು ಸಾವಿರ ವರ್ಷಗಳಿಗೂ ಹಿಂದಿನದು. ಚುವಾಂಗ್‌ತ್ಸೆಯ ಗ್ರಂಥದಲ್ಲಿ ಕುಸಿದ ಬಾವಿಯೊಂದರ ಕಪ್ಪೆ ಪೂರ್ವ ಸಮುದ್ರದ ಆಮೆಗೆ ತನ್ನ ಸುಖವನ್ನು ಬಣ್ಣಿಸುತ್ತದೆ: ದಂಡೆಯ ಮೇಲೆ ಕುಣಿಯುತ್ತೇನೆ, ಗೋಡೆಯ ಬಿರುಕಿನಲ್ಲಿ ಒರಗುತ್ತೇನೆ, ನೀನೂ ಒಮ್ಮೆ ಬಂದು ನೋಡು. ಆಮೆ ಹೊರಡುತ್ತದೆ. ಎಡಗಾಲು ಪೂರ್ತಿ ಒಳಗೆ ಹೋಗುವ ಮೊದಲೇ ಬಲ ಮಂಡಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಸರಿದು, ಸಮುದ್ರ ಎಂದರೇನೆಂದು ಹೇಳುತ್ತದೆ. ಅದನ್ನು ಕೇಳಿ ಆ ಕಪ್ಪೆ ಬೆಪ್ಪಾಗಿ, ಕುಗ್ಗಿ, ಮಾತಿಲ್ಲದೆ ಕೂರುತ್ತದೆ. ಚೀನಾದ ಕಪ್ಪೆ ಮೌನವಾಯಿತು, ನಮ್ಮದು ಬಂದವನನ್ನು ಓಡಿಸಿತು. ನನಗೆ ಚೀನಾದ ಕಪ್ಪೆಯ ಮೇಲೆ ಹೆಚ್ಚು ಪ್ರೀತಿ. ಗಾಬರಿಯಿಂದಾದರೂ ಅದು ಕೇಳಿಸಿಕೊಂಡಿತು. ಮಲಯ ಭಾಷೆಯವರು ಬಾವಿಯನ್ನೇ ಬಿಟ್ಟು ತೆಂಗಿನ ಕರಟ ಹಿಡಿದಿದ್ದಾರೆ. ಕವುಚಿದ ಕರಟದ ಕೆಳಗಿನ ಕಪ್ಪೆ ಎನ್ನುವುದು ಅವರ ಮಾತು. ತೆಂಗಿನ ನಾಡಿನವರಾದ ನಮಗೆ ಅದು ಥಟ್ಟನೆ ಅರ್ಥವಾಗುತ್ತದೆ.

ಕನ್ನಡದಲ್ಲಿ ಇದೇ ಕೆಲಸಕ್ಕೆ ಇನ್ನೂ ಹೆಚ್ಚು ಓಡಾಡುವ ಪದ ಸಂಕುಚಿತ. ಸಂಕುಚಿತ ಮನೋಭಾವ, ಸಂಕುಚಿತ ದೃಷ್ಟಿ, ಸಂಕುಚಿತ ರಾಜಕಾರಣ. ಪತ್ರಿಕೆ ತೆರೆದರೆ ದಿನಕ್ಕೊಂದು ಸಿಗುತ್ತದೆ. ಈ ಪದಕ್ಕೆ ಒಬ್ಬ ಒಡಹುಟ್ಟಿದವನಿದ್ದಾನೆ, ನಾವು ಗಮನಿಸುವುದಿಲ್ಲ. ಅವನ ಹೆಸರು ಸಂಕೋಚ. ಎರಡೂ ಒಂದೇ ಧಾತುವಿನಿಂದ ಬಂದವು, ಮುದುಡು ಎಂಬುದೇ ಎರಡರ ಮೂಲ ಅರ್ಥ. ಆದರೆ ಮನೆಯಲ್ಲಿ ಸಂಕೋಚಕ್ಕೆ ಎಷ್ಟು ಮರ್ಯಾದೆ ನೋಡಿ. ಹೊಸ ಅಳಿಯ ಎಲೆಯ ಮುಂದೆ ಕೂತಾಗ ಸಂಕೋಚ ಪಟ್ಟರೆ ಅತ್ತೆಗೆ ಖುಷಿ. "ಸಂಕೋಚ ಮಾಡ್ಕೋಬೇಡಿ, ಇನ್ನೊಂದು ಹೋಳಿಗೆ" ಎಂದು ಬಡಿಸದ ಮನೆ ಕರ್ನಾಟಕದಲ್ಲಿಲ್ಲ. ಸಾಲ ಕೇಳಲು ಸಂಕೋಚ, ಹೊಗಳಿಸಿಕೊಳ್ಳಲು ಸಂಕೋಚ. ಆ ಸಂಕೋಚ ಎದುರಿನವರಿಗೆ ಜಾಗ ಬಿಡಲು ತಾನು ಮುದುಡುವುದು. ಸಂಕುಚಿತ ಅನ್ನಿಸಿಕೊಂಡದ್ದು ಎದುರಿನವರಿಗೆ ಜಾಗವಾಗದಂತೆ ಮುದುಡಿದ್ದು.

ಮುದುಡುವುದೆಂದರೆ ಮೊದಲು ಅರಳಿತ್ತು ಎಂದಾಯಿತು. ಮುಟ್ಟಿದರೆ ಮುನಿ ಗಿಡದ ಎಲೆ ಮುದುಡುತ್ತದೆ, ಸ್ವಲ್ಪ ಹೊತ್ತಿಗೆ ಅರಳುತ್ತದೆ. ಹೆಸರುಕಾಳು ಗಾತ್ರದಲ್ಲಿ ಸಣ್ಣದು. ಅದನ್ನು ಯಾರೂ ಸಂಕುಚಿತ ಅನ್ನುವುದಿಲ್ಲ. ಚಿಕ್ಕದು ಬೇರೆ, ಮುದುಡಿದ್ದು ಬೇರೆ. ಆ ಅಜ್ಜಿಯ ಲೋಕ ಚಿಕ್ಕದು: ಪಾವಗಡದ ಕಡೆಯ ಹಳ್ಳಿಯೊಂದು, ಮಗ ಕೆಲಸಕ್ಕೆ ಬಂದನೆಂದು ತಾನೂ ಬಂದು ಸೇರಿದ ಒಂದು ಬೀದಿ, ಈ ಬ್ಯಾಂಕು, ರೇಷನ್ ಅಂಗಡಿ. ಚಿಕ್ಕ ಲೋಕವನ್ನು ಮುದುಡಿದ ಮನಸ್ಸೆಂದು ಕರೆಯುವುದು ಪದಕ್ಕೂ ಅನ್ಯಾಯ, ಅವರಿಗೂ ಅನ್ಯಾಯ.

ಮುದುಡಿದ ಮನಸ್ಸು ಎಂಥದ್ದೆಂದು ನಾನು ಕಂಡಿದ್ದೇನೆ. ಮೂರು ವರ್ಷದ ಹಿಂದೆ ಬಾಡಿಗೆ ಮನೆ ಹುಡುಕುತ್ತ ಅಲೆಯುವಾಗ ಒಂದು ಒಳ್ಳೆಯ ಬಡಾವಣೆಯ ಮನೆಗೆ ಹೋದೆ. ಮಾಲೀಕರು ವಿದ್ಯಾವಂತರು. ಗೋಡೆಯ ಮೇಲೆ ಮಕ್ಕಳ ಫೋಟೋಗಳು, ಒಂದರಲ್ಲಿ ನಯಾಗರಾ, ಇನ್ನೊಂದರಲ್ಲಿ ಸಿಡ್ನಿಯ ಸೇತುವೆ. ಹನ್ನೊಂದು ದೇಶ ನೋಡಿದ್ದೇವೆ ಎಂದರು. ಕಾಫಿ ಕೊಟ್ಟರು. ಮುಂಗಡ, ನೀರು, ಗಾಡಿ ನಿಲ್ಲಿಸುವ ಜಾಗ ಎಲ್ಲ ಮಾತಾಯಿತು. ಬೀಗದ ಕೈ ಕೈಯಲ್ಲಿ ಹಿಡಿದುಕೊಂಡೇ ಕೊನೆಯದಾಗಿ ಕೇಳಿದರು: "ನಿಮ್ಮದು ಯಾವ ಪೈಕಿ?" ನಾನು ಹೇಳದೆ ಇದ್ದಾಗ ಬೀಗದ ಕೈ ಮೇಜಿನ ಡ್ರಾಯರಿಗೆ ವಾಪಸು ಹೋಯಿತು. ಮನೆ ಈಗಾಗಲೇ ಬೇರೆಯವರಿಗೆ ಮಾತಾಗಿದೆ ಎಂದು ಆಗ ನೆನಪಾಯಿತಂತೆ. ಆ ಡ್ರಾಯರು ಮುಚ್ಚಿದ ಸದ್ದು ಇನ್ನೂ ಕಿವಿಯಲ್ಲಿದೆ. ಹನ್ನೊಂದು ದೇಶದ ನೀರು ಕುಡಿದು ಬಂದವರು ಬಾವಿಯನ್ನೂ ಜೊತೆಗೆ ಹೊತ್ತೇ ತಿರುಗಿದ್ದರು.

ದೇಶ ಸುತ್ತು, ಕೋಶ ಓದು ಅಂತಾರೆ. ಸುತ್ತಿದರಷ್ಟೇ ಸಾಲದು ಅನ್ನುವುದಕ್ಕೆ ಬೇಕಾದಷ್ಟು ಸಾಕ್ಷಿ ಇದೆ. ಅಮೆರಿಕದ ಸಿಯಾಟಲ್ ನಗರಸಭೆ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿ ಕಾನೂನು ಮಾಡಿತು, ಆ ದೇಶದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಅಲ್ಲಿಯ ನೆಲದಲ್ಲಿ ಹುಟ್ಟದ ಪೀಡೆಗೆ ಅಲ್ಲಿ ಕಾನೂನು ಯಾಕೆ ಬೇಕಾಯಿತು? ನಾವು ಹೊತ್ತುಕೊಂಡು ಹೋದದ್ದರಿಂದ. ಹಿಂದೆ ಇದರ ಇನ್ನೊಂದು ಮಗ್ಗುಲಿತ್ತು. ಸಮುದ್ರ ದಾಟಿದವನನ್ನೇ ಬಾವಿಯವರು ಹೊರಗೆ ಹಾಕುತ್ತಿದ್ದರು. 1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೊರಟ ಗಾಂಧಿಯನ್ನು ಮುಂಬಯಿಯಲ್ಲಿ ಅವರ ಜಾತಿಯ ಮುಖಂಡ ಸಭೆ ಕರೆದು ಬಹಿಷ್ಕರಿಸಿದ. ಬೀಳ್ಕೊಡಲು ಹಡಗುಕಟ್ಟೆಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. ಹತ್ತೊಂಬತ್ತು ವರ್ಷ ತುಂಬದ ಹುಡುಗ ಆಗ ಅವರು. ಬಂದವನನ್ನು ಆಚೆ ಹಾಕುವುದೂ, ಹೊರಟವನನ್ನು ಆಚೆ ಹಾಕುವುದೂ ಅದೇ ಕಪ್ಪೆಯ ಕೆಲಸ.

ಈಗ ಬ್ಯಾಂಕಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ಪದದ ಅತಿ ಹೆಚ್ಚು ದುರ್ಬಳಕೆ ನಮ್ಮಲ್ಲಿ ನಡೆಯುವುದು ಅಲ್ಲೇ. ಕನ್ನಡ ಕೇಳಿದರೆ ಸಂಕುಚಿತ. ನಾಮಫಲಕದಲ್ಲಿ ಕನ್ನಡ ಬೇಕೆಂದರೆ ಸಂಕುಚಿತ. ಮಗುವನ್ನು ಕನ್ನಡ ಶಾಲೆಗೆ ಕಳಿಸಿದರೆ ಬಾವಿಗೆ ತಳ್ಳಿದಂತೆ. ಇಂಗ್ಲಿಷ್ ಪತ್ರಿಕೆಗಳು ಇದಕ್ಕೆ ಬಳಸುವ ಪದ ಪರೋಕಿಯಲ್. ಚರ್ಚಿನ ವ್ಯಾಪ್ತಿಗೆ ಸೇರಿದ ಒಂದು ಪುಟ್ಟ ಪ್ರದೇಶ, ಪ್ಯಾರಿಷ್, ಅದರಿಂದ ಹುಟ್ಟಿದ ಪದ. ಐರ್ಲೆಂಡಿನ ಕವಿ ಪ್ಯಾಟ್ರಿಕ್ ಕ್ಯಾವನಾ 1952ರಲ್ಲಿ ತಮ್ಮದೇ ಒಂದು ವಾರಪತ್ರಿಕೆ ನಡೆಸಿದರು. ಹದಿಮೂರು ಸಂಚಿಕೆ ಬಂದು ನಿಂತುಹೋಯಿತು. ಅದರಲ್ಲಿ ಅವರು ಈ ಬೈಗುಳವನ್ನೇ ತಲೆಕೆಳಗು ಮಾಡಿದರು. ತನ್ನ ಪುಟ್ಟ ಊರಿನ ಬದುಕಿಗೆ ಬೆಲೆಯಿದೆ ಎಂದು ಅನುಮಾನವಿಲ್ಲದೆ ನಂಬಿದವನು ಪರೋಕಿಯಲ್, ಅವನಿಂದ ದೊಡ್ಡ ಕೆಲಸವಾಗುತ್ತದೆ. ತನ್ನ ಕಣ್ಣು ಕಂಡದ್ದನ್ನೂ ರಾಜಧಾನಿಯವರು ಹೌದೆನ್ನುವ ತನಕ ನಂಬದವನೇ ನಿಜವಾದ ಹಳ್ಳಿಗಾಡಿನವನು ಎಂಬುದು ಅವರ ವಾದ. ಓದಿದಾಗ ನನಗೆ ಮೈಸೂರು ಸೀಮೆಯ ಆ ಗೃಹಸ್ಥರ ನೆನಪಾಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುವ ನಮ್ಮ ಗಾದೆ ಇಂಥವರನ್ನು ಕಂಡೇ ಹುಟ್ಟಿರಬೇಕು. ಕನ್ನಡ ಅವರ ಹಿತ್ತಲ ಗಿಡ.

ಕೇಳಿದ್ದಾದರೂ ಏನನ್ನು? ಸಾಮಾನ್ಯ ಗ್ರಾಹಕರು ಬಳಸುವ ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ಕು ಇಂಥ ಮುದ್ರಿತ ಪತ್ರಗಳೆಲ್ಲ ಇಂಗ್ಲಿಷ್, ಹಿಂದಿ ಮತ್ತು ಆಯಾ ರಾಜ್ಯದ ಭಾಷೆ ಮೂರರಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಅಜ್ಜಿ ಯಾರನ್ನೂ ಆಚೆ ಹಾಕಿ ಅನ್ನಲಿಲ್ಲ, ಇಂಗ್ಲಿಷ್ ಅಳಿಸಿ ಅನ್ನಲಿಲ್ಲ, ಹುಡುಗನ ಭಾಷೆಯನ್ನು ಸುಳ್ಳು ಅನ್ನಲಿಲ್ಲ. ತನ್ನ ಕೈಯಿಂದ ಬರೆಯಲು ಒಂದು ಚೀಟಿ ಕೇಳಿದರು. ನಾಲ್ಕನೆಯ ಕ್ಲಾಸಿನವರೆಗೆ ಕಲಿತ ಅಕ್ಷರ ಅವರದು, ಅದನ್ನು ಬಳಸಲು ಅವರಿಗೆ ಆಸೆ. ಬೇರೆಯವರ ಮುಂದೆ ಚೀಟಿ ಹಿಡಿದು ಬರೆದುಕೊಡಪ್ಪ ಎಂದು ಬೇಡಲು ಸಂಕೋಚ. ಅದು ಒಳ್ಳೆಯ ಸಂಕೋಚ.

ಕನ್ನಡದ ಹೆಸರು ಹೇಳಿ ಊಟ ತಂದ ಡೆಲಿವರಿ ಹುಡುಗನ ಕೊರಳಪಟ್ಟಿ ಹಿಡಿದು, ಕನ್ನಡದಲ್ಲಿ ಮಾತಾಡು ಎಂದು ಹೊಡೆದು, ಅದನ್ನು ವಿಡಿಯೋ ಮಾಡಿ ಹಂಚುವವರೂ ಇದ್ದಾರೆ. ಅವರನ್ನು ಕಂಡರೆ ನನಗೆ ನಾಚಿಕೆಯಾಗುತ್ತದೆ. ಅಲ್ಲಿ ಕಥೆಯ ಕೊನೆಯ ಸಾಲು ಇದ್ದ ಹಾಗೇ ಇದೆ: ಇವನನ್ನು ಆಚೆ ಹಾಕಿ. ಆ ಹುಡುಗನಿಗೆ ಕೂಪಮಂಡೂಕ ಯಾರೆಂದು ತೋರಿಸಲು ಸಂಸ್ಕೃತ ನಿಘಂಟು ಬೇಡ. ಕನ್ನಡವನ್ನು ದೊಡ್ಡದು ಮಾಡಿದವರಲ್ಲಿ ಎಷ್ಟು ಜನ ಬೇರೆ ಮಾತಿನ ಮನೆಯಿಂದ ಬಂದರು ಎಂಬುದು ಇಂಥವರಿಗೆ ನೆನಪಿರಬೇಕಿತ್ತು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. 1973, 1983, 1998ರಲ್ಲಿ ಮೂವರೂ ಕನ್ನಡಕ್ಕೆ ಜ್ಞಾನಪೀಠ ತಂದರು. ಧಾರವಾಡದ ಸಾಧನಕೇರಿಯ ದಂಡೆಯಲ್ಲಿ ಕೂತು ಬರೆದವರನ್ನು, ಮಾಸ್ತಿ ಎಂಬ ಪುಟ್ಟ ಊರಿನ ಹೆಸರನ್ನೇ ಹೊತ್ತವರನ್ನು ಬಾವಿಯ ಕಪ್ಪೆ ಅನ್ನಲು ಯಾರಿಗೆ ಬಾಯಿ ಬಂದೀತು?

ಜಾಗ ಚಿಕ್ಕದಾದರೆ ಕಾಣುವುದೂ ಚಿಕ್ಕದು ಎಂಬ ನಂಬಿಕೆಯನ್ನು ನನ್ನಲ್ಲಿ ಮೊದಲು ಅಲ್ಲಾಡಿಸಿದ್ದು ತೇಜಸ್ವಿಯವರ ಕರ್ವಾಲೊ. 1980ರಲ್ಲಿ ಬಂದ ಪುಸ್ತಕ, ನಾನು ಓದಿದ್ದು ಕಾಲೇಜಿನಲ್ಲಿ. ಊರವರ ಕಣ್ಣಿಗೆ ಮಂದಣ್ಣ ಯಾವ ಕೆಲಸಕ್ಕೂ ಬಾರದ ಪೆದ್ದ. ದೊಡ್ಡ ವಿಜ್ಞಾನಿ ಕರ್ವಾಲೊಗೆ ಅವನು ಹುಟ್ಟಾ ಜೀವವಿಜ್ಞಾನಿ. ಹಾರುವ ಓತಿಯ ಬೆನ್ನು ಹತ್ತಿ ಕಾಡು ಅಲೆಯುವಾಗ ವಿಜ್ಞಾನಿ ಅವನ ಮಾತಿಗೆ ಕಿವಿ ಕೊಡುತ್ತಾರೆ. ಮಂದಣ್ಣ ತನ್ನ ಸುತ್ತಲ ಕಾಡು ಬಿಟ್ಟು ಬೇರೆ ಕಂಡವನಲ್ಲ. ಬಾವಿ ಅನ್ನುವುದಾದರೆ ಅದು ಬಾವಿ. ಆದರೆ ಅಷ್ಟರಲ್ಲಿ ಅವನು ಕಂಡಷ್ಟನ್ನು ಹೊರಗಿನವರು ಯಾರೂ ಕಂಡಿರಲಿಲ್ಲ. ಇದನ್ನು ಬರೆದವರೂ ಮೈಸೂರು ಬಿಟ್ಟು ಹೋಗಿ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದವರು, 2007ರಲ್ಲಿ ಅಲ್ಲೇ ತೀರಿಕೊಂಡವರು. ಆ ಮೂಲೆಯಿಂದಲೇ ಅವರು ಕನ್ನಡಿಗರಿಗೆ ಇಡೀ ಭೂಮಿಯನ್ನು ತೋರಿಸಿದರು.

ನಿಜವಾದ ಕಪ್ಪೆಯೊಂದರ ಸಂಗತಿಯೂ ಇಲ್ಲೇ ಹೇಳಿಬಿಡುತ್ತೇನೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ತೊರೆಗಳಲ್ಲಿ ಒಂದು ಇರುಳುಗಪ್ಪೆ ಇದೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಮುಂಗಾಲಿನಿಂದ ಕೆಸರು ತೆಗೆದು, ಮೊಟ್ಟೆಗಳ ಮೇಲೆ ಮೆತ್ತುತ್ತದೆ, ಗಡಿಗೆಗೆ ಮಣ್ಣು ಬಳಿಯುವ ಕುಂಬಾರನ ಹಾಗೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅದನ್ನು ಹೊಸ ಪ್ರಭೇದವೆಂದು ಜಗತ್ತಿಗೆ ತಿಳಿಸಿದಾಗ ಇಟ್ಟ ಹೆಸರು ಕನ್ನಡದ್ದೇ, ಕುಂಬಾರ. ಪ್ರಪಂಚದ ಜೀವವಿಜ್ಞಾನದ ಪಟ್ಟಿಯಲ್ಲಿ ಇವತ್ತು ಆ ಕನ್ನಡ ಪದ ಇದೆ. ಕಪ್ಪೆ ಮಾತ್ರ ಅದೇ ತೊರೆಯಲ್ಲಿ, ಅದೇ ಕೆಸರಿನಲ್ಲಿ ತನ್ನ ಕೆಲಸ ಮಾಡುತ್ತಿದೆ. ಅದನ್ನು ನೋಡಲು ಜಗತ್ತು ಅಲ್ಲಿಗೆ ಬರುತ್ತಿದೆ.

ಇನ್ನು ಬಾವಿಯೂ ಈಗ ಎಷ್ಟು ಉಳಿದಿದೆ? ನಮ್ಮ ಅಜ್ಜಿ ಮನೆಯಲ್ಲಿ ಕಲ್ಲು ಕಟ್ಟಿದ ಬಾವಿಯಿತ್ತು. ಬೇಸಿಗೆಯಲ್ಲಿ ಹೂಳೆತ್ತುವಾಗ ಮಂಕರಿಯಲ್ಲಿ ಕೆಸರಿನ ಜೊತೆ ಕಪ್ಪೆಗಳೂ ಮೇಲೆ ಬರುತ್ತಿದ್ದವು, ಬಿಸಿಲಿಗೆ ಕಣ್ಣು ಪಿಳಿಪಿಳಿ ಮಾಡುತ್ತ. ಅವನ್ನು ಕೊಲ್ಲಲು ಅಜ್ಜಿ ಬಿಡುತ್ತಿರಲಿಲ್ಲ. ಒಂದು ಬೋಗುಣಿಯಲ್ಲಿ ನೀರು ಹಾಕಿ ಇಟ್ಟು, ಕೆಲಸ ಮುಗಿದ ಮೇಲೆ ಕೊಡದಲ್ಲಿ ಕೂರಿಸಿ ಹಗ್ಗ ಬಿಟ್ಟು ಮತ್ತೆ ಒಳಗೇ ಇಳಿಸುತ್ತಿದ್ದರು. "ಕಪ್ಪೆ ಇದ್ದ ನೀರು ಒಳ್ಳೇ ನೀರು" ಎನ್ನುವುದು ಅವರ ಲೆಕ್ಕ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಆದ್ದರಿಂದ ನೀರಿನ ವಿಷ ಅದಕ್ಕೆ ಬೇಗ ತಾಗುತ್ತದೆ ಎಂದು ನಾನು ಆಮೇಲೆ ಓದಿದೆ. ಅಜ್ಜಿ ಓದದೆ ತಿಳಿದಿದ್ದರು. ಆ ಬಾವಿ ಈಗ ಒಣಗಿ ಕಸದ ಗುಂಡಿಯಾಗಿದೆ. ಪಕ್ಕದಲ್ಲಿ ಕೊಳವೆಬಾವಿ ಇದೆ. ಅದರ ಬಾಯಿಗೆ ಮುಚ್ಚಳ, ಒಳಗೆ ಏನು ಇದೆಯೆಂದು ಬಗ್ಗಿ ನೋಡುವಂತಿಲ್ಲ.

ಬ್ಯಾಂಕಿನಲ್ಲಿ ಆಮೇಲೆ ಆದದ್ದನ್ನು ಹೇಳಬೇಕು. ಬಾಗಿಲಲ್ಲಿದ್ದ ಸೆಕ್ಯುರಿಟಿಯವನು ಇದನ್ನೆಲ್ಲ ನೋಡುತ್ತಿದ್ದ. ಒಡಿಶಾದ ಹುಡುಗ, ಗಂಜಾಂ ಕಡೆಯವನು. ಮೂಲೆಯ ಮೇಜಿನ ಕೆಳಗಿನ ಖಾನೆಯನ್ನು ಎಳೆದು, ದಾರ ಬಿಚ್ಚದ ಒಂದು ಕಟ್ಟು ತೆಗೆದ. ಕನ್ನಡದ ಚೀಟಿಗಳು. ಅಚ್ಚಾಗಿ ಬಂದು ಕಟ್ಟು ಒಡೆಯದೆ ಅಲ್ಲೇ ಬಿದ್ದಿದ್ದವು. "ಅಮ್ಮಾ, ಇದು ಇದೆ, ಬರೀ" ಎಂದು ಒಂದನ್ನು ಹರಿದು ಕೊಟ್ಟ. ಅಜ್ಜಿ ಮೇಜಿಗೆ ಒರಗಿ, ಒಂದೊಂದೇ ಅಕ್ಷರ ಗುಂಡಗೆ ತಿದ್ದಿ ಬರೆದರು. ಹಣ ಬಂತು. ಎಣಿಸಿ, ಕವರಿಗೆ ಹಾಕಿ, ರಬ್ಬರ್ ಬ್ಯಾಂಡು ಸುತ್ತಿಕೊಂಡು ಹೊರಟವರು ಬಾಗಿಲ ಹತ್ತಿರ ನಿಂತರು. ನಾನು ಅವರ ಹಿಂದೆಯೇ ಇದ್ದೆ.

"ಯಾವೂರಪ್ಪ ನಿಂದು?"

ಅವನು ಹೇಳಿದ. ಅವರಿಗೆ ಗೊತ್ತಾಗಲಿಲ್ಲ. ದೂರವಾ? ದೂರ ಅಮ್ಮಾ, ರೈಲು, ಒಂದು ದಿನ, ಇನ್ನೂ. ಮಳೆ ಬಂತಾ ನಿಮ್ಮ ಕಡೆ? ಬಂತು. ಏನು ಬೆಳೀತೀರಾ? ಭತ್ತ. ಆಮ್ಯಾಕೆ? ಮೀನು ಅಮ್ಮಾ, ಅಪ್ಪ ಮೀನು ಹಿಡೀತಾರೆ, ನಮ್ಮೂರು ಸಮುದ್ರ.

ಅಜ್ಜಿ ಹೊರಟವರು ಪೂರ್ತಿ ತಿರುಗಿ ನಿಂತರು. ಪಾವಗಡದ ಬರಸೀಮೆಯಲ್ಲಿ ಹುಟ್ಟಿ ಬೆಳೆದವರು, ಸಮುದ್ರವನ್ನು ಕಣ್ಣಲ್ಲಿ ಕಂಡವರಲ್ಲ.

"ಹೌದಾ? ನಾನು ನೋಡೇ ಇಲ್ಲ ಕಣಪ್ಪ. ಎಷ್ಟು ದೊಡ್ದಿರ್ತೈತೆ?"

ಹುಡುಗ ಎರಡೂ ಕೈ ಚಾಚಿದ. ಅದು ಸಾಲದು ಅನ್ನಿಸಿತೇನೋ, ಕೈ ಇಳಿಸಿ, ಬಾಗಿಲ ಗಾಜಿನಾಚೆ ರಸ್ತೆ, ಬಸ್ಸು, ಕಟ್ಟಡಗಳು ಎಲ್ಲವನ್ನೂ ದಾಟಿಸಿ ಬೆರಳು ತೋರಿಸಿ, ಅಲ್ಲಿಂದ ಮುಂದೆಯೂ ಇದೆ ಎನ್ನುವಂತೆ ಕೈ ಬೀಸಿದ. ಅಜ್ಜಿ ಅವನ ಬೆರಳು ಹೋದ ದಿಕ್ಕಿಗೇ ಬಹಳ ಹೊತ್ತು ನೋಡಿದರು.

"ಅಷ್ಟೂ ನೀರೇನಪ್ಪ?" ಎಂದರು.